ಕ್ಯಾಮೆರಾ ಗುಳಿಗೆ ನುಂಗುವ ಮುನ್ನ, ನುಂಗಿದ ಮೇಲೆ

ರಕ್ತ ಕಡಿಮೆಯಾಗುತ್ತಲೇ ಇದ್ದು, ಬಾಯಿಯಿಂದ ಕ್ಯಾಮೆರಾ ನಳಿಕೆ ಇಳಿಸುವ ಎಂಡೋಸ್ಕೋಪಿಯಲ್ಲೂ ಗುದದ್ವಾರದಿಂದ ತೂರಿಸುವ ಕೊಲೊನೋಸ್ಕೋಪಿಯಲ್ಲೂ ಅದು ಸೋರುವ ಜಾಗ ಸಿಗದಿದ್ದಾಗ ವೈದ್ಯರ ಗಮನ ಸಣ್ಣ ಕರುಳಿನತ್ತ ಹೊರಳುತ್ತದೆ. ಸುಮಾರು 6 ಮೀಟರ್ ಉದ್ದದ ಈ ಕರುಳಿನ ಬಹುಭಾಗವನ್ನು ಆ ನಳಿಕೆಗಳು ಮುಟ್ಟುವುದಿಲ್ಲ. ಅಲ್ಲಿಗೆ ಹೋಗಿ ಚಿತ್ರ ತೆಗೆಯುವುದೇ ಸುಮಾರು 26 ಮಿ.ಮೀ. ಉದ್ದ, 11 ಮಿ.ಮೀ. ದಪ್ಪದ ಕ್ಯಾಮೆರಾ ಗುಳಿಗೆ. ಇಸ್ರೇಲಿನ ಎಂಜಿನಿಯರ್ ಗಾವ್ರಿಯೇಲ್ ಇಡಾನ್ ರೂಪಿಸಿದ ಈ ಸಾಧನಕ್ಕೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು.

ಮೊದಲ ಹೆಜ್ಜೆ ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಹೇಳುವುದು; ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಹೊಟ್ಟೆಯ ಕ್ಷಯ, ಕರುಳಿನಲ್ಲಿ ದೀರ್ಘಕಾಲ ಉರಿಯೂತ ತರುವ ಕ್ರೋನ್ಸ್ ಕಾಯಿಲೆ ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯಿಂದ ಕರುಳು ಎಲ್ಲಾದರೂ ಕಿರಿದಾಗಿದ್ದರೆ ಗುಳಿಗೆ ಅಲ್ಲೇ ಸಿಕ್ಕಿಕೊಂಡು, ಅದನ್ನು ತೆಗೆಯಲು ಆಪರೇಷನ್ ಬೇಕಾಗಬಹುದು. ಕ್ಷಯಕ್ಕೆ ಎಂದೋ ಔಷಧಿ ತೆಗೆದುಕೊಂಡದ್ದನ್ನು ಸಂಕೋಚದಿಂದ ಹೇಳದೆ ಬಿಡುವವರು ನಮ್ಮಲ್ಲಿ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅನುಮಾನವಿದ್ದರೆ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ, ಇಲ್ಲವೇ ಕ್ಯಾಮೆರಾ ಇಲ್ಲದ, ಸಿಕ್ಕಿಕೊಂಡರೆ ಒಳಗೇ ಕರಗುವ ಪರೀಕ್ಷಾ ಗುಳಿಗೆ ಕೊಡುತ್ತಾರೆ. ಪೇಸ್‌ಮೇಕರ್, ಸಕ್ಕರೆ ಕಾಯಿಲೆಯ ಔಷಧಿಗಳ ವಿಷಯವನ್ನೂ ಆಗಲೇ ತಿಳಿಸಬೇಕು.

ಕರುಳಿನ ಗೋಡೆಗೆ ಕಪ್ಪು ಹಿಡಿಸುವ ಕಬ್ಬಿಣಾಂಶದ ಗುಳಿಗೆಯನ್ನು ವೈದ್ಯರು ಹೇಳಿದಷ್ಟು ದಿನ ಮೊದಲೇ ನಿಲ್ಲಿಸಬೇಕು. ಹಿಂದಿನ ದಿನ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕಾಳುಪಲ್ಯ ಬಿಟ್ಟು, ರಾತ್ರಿಯಿಂದ ಉಪವಾಸವಿದ್ದು, ಕೊಟ್ಟ ಭೇದಿ ಔಷಧವನ್ನು ಪೂರ್ತಿ ಕುಡಿಯಬೇಕು.

ಬೆಳಿಗ್ಗೆ ಸೊಂಟಕ್ಕೆ ಗುಳಿಗೆ ಕಳಿಸುವ ಚಿತ್ರಗಳ ಸಂಕೇತ ಹಿಡಿಯುವ ಪಟ್ಟಿ ಮತ್ತು ಅವನ್ನು ದಾಖಲಿಸುವ ರೆಕಾರ್ಡರ್ ಕಟ್ಟಿದ ಬಳಿಕ ಗುಳಿಗೆಯನ್ನು ನೀರಿನೊಂದಿಗೆ ನುಂಗಬೇಕು, ಅಗಿಯಬಾರದು. ಸಾಮಾನ್ಯವಾಗಿ ಎರಡು ಗಂಟೆಯ ನಂತರ ತಿಳಿಯಾದ ಪಾನೀಯ, ನಾಲ್ಕು ಗಂಟೆಯ ನಂತರ ಗಂಜಿಯಂತಹ ಹಗುರ ಆಹಾರ ಕೊಡುತ್ತಾರೆ. ರೆಕಾರ್ಡರನ್ನು ಸಂಜೆ ಮರಳಿಸಬೇಕಾದ ಕಾರಣ, ಬೀದರ್, ಯಾದಗಿರಿಗಳಿಂದ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಪರೀಕ್ಷೆ ಮಾಡಿಸುವವರು ಆ ರಾತ್ರಿ ಅಲ್ಲೇ ಉಳಿಯುವಂತೆ ಹೊಂದಿಸಿಕೊಳ್ಳುವುದು ಒಳ್ಳೆಯದು.

ಬ್ಯಾಟರಿ ಸುಮಾರು 8ರಿಂದ 12 ಗಂಟೆ ಬಾಳುತ್ತದೆ. ಕರುಳಿನ ಚಲನೆ ನಿಧಾನವಿದ್ದರೆ ದಾರಿ ಮುಗಿಯುವ ಮೊದಲೇ ಕ್ಯಾಮೆರಾ ಆರಿಹೋಗಬಹುದು. ಈ ಮಿತಿಯನ್ನು ದಾಟಲೆಂದೇ ಸಂಶೋಧಕರು ಹೊರಗಿನಿಂದ ವಿದ್ಯುತ್ ಕೊಡುವ ವಿಧಾನವನ್ನು ಬೆಳೆಸುತ್ತಿದ್ದಾರೆ: ಮೈಸುತ್ತ ತೊಟ್ಟ ತಂತಿಸುರುಳಿಯಲ್ಲಿ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು ಕಾಂತಕ್ಷೇತ್ರವನ್ನು ಉಂಟುಮಾಡಿದರೆ, ಗುಳಿಗೆಯೊಳಗಿನ ಪುಟ್ಟ ಸುರುಳಿಗಳಲ್ಲಿ ಅದರಿಂದ ವಿದ್ಯುತ್ತು ಹುಟ್ಟುತ್ತದೆ. ಗುಳಿಗೆ ಒಳಗೆ ಉರುಳುತ್ತ ಸಾಗುವುದರಿಂದ ಮೂರು ದಿಕ್ಕಿಗೆ ಮೂರು ಸುರುಳಿ ಇಡುತ್ತಾರೆ. ಕ್ಷೇತ್ರ ಬಲವಾದಷ್ಟೂ ದೇಹದ ಅಂಗಾಂಶ ಬಿಸಿಯಾಗುವ ಕಾರಣ, ಎಷ್ಟು ವಿದ್ಯುತ್ ಕಳಿಸಬಹುದು ಎಂಬುದಕ್ಕೆ ಸುರಕ್ಷತೆಯ ಮಿತಿಯಿದೆ.

ಗುಳಿಗೆ ಹೆಚ್ಚಾಗಿ ಒಂದರಿಂದ ಮೂರು ದಿನದಲ್ಲಿ ಮಲದೊಂದಿಗೆ ಹೊರಬರುತ್ತದೆ. ಅದು ಹೊರಬಿದ್ದದ್ದು ಖಚಿತವಾಗುವವರೆಗೆ ಬಲವಾದ ಕಾಂತ ಬಳಸುವ ಎಂಆರ್‌ಐ ಸ್ಕ್ಯಾನ್ ಮಾಡಿಸಲೇಬಾರದು. ಹೊಟ್ಟೆನೋವು, ವಾಂತಿ ಬಂದರೆ ಕೂಡಲೇ ವೈದ್ಯರ ಬಳಿ ಹೋಗಬೇಕು; ಗುಳಿಗೆ ಎಲ್ಲಿದೆ ಎಂಬುದು ಎಕ್ಸ್‌ರೇಯಲ್ಲಿ ಕಾಣುತ್ತದೆ.