ಬಿಎಫ್‌ಸಿ ಬೆಂಚು ಎಷ್ಟು ಗಟ್ಟಿ? ಸೀಸನ್‌ಗೆ ಮುಂಚೆ ನಾನು ಲೆಕ್ಕ ಹಾಕುವ ರೀತಿ

ಮೂವತ್ತು ಹೆಸರಿನ ಪಟ್ಟಿ ನೋಡಿ ‘ಈ ಸಲ ಬೆಂಚು ಸಖತ್ತಾಗಿದೆ ಗುರು’ ಅನ್ನುವುದು ಸುಲಭ. ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ವಿಷಯದಲ್ಲಿ ನಾನೂ ಪ್ರತಿ ವರ್ಷ ಅದನ್ನೇ ಹೇಳುತ್ತೇನೆ. ಬೆಂಚು ಅಂದರೆ ಮೊದಲ ಹನ್ನೊಂದರಲ್ಲಿ ಇಲ್ಲದ ಬದಲಿ ಆಟಗಾರರು. ಹೇಳುವ ಮೊದಲು ಮಾತ್ರ ಒಂದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್ ಹಿಡಿದು ಎರಡು ಗಂಟೆ ಕೂರುತ್ತೇನೆ. ಅಲ್ಲಿ ಎಣಿಸುವುದು ನಿಮಿಷ.

ಮೊದಲು ಒಟ್ಟು ಲೆಕ್ಕ. 2024–25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 13 ತಂಡಗಳಿದ್ದವು, ಪ್ರತಿ ತಂಡಕ್ಕೆ 24 ಲೀಗ್ ಪಂದ್ಯ. ಪಂದ್ಯಕ್ಕೆ 90 ನಿಮಿಷದಂತೆ ಹನ್ನೊಂದು ಜನಕ್ಕೆ ಗುಣಿಸಿದರೆ 23,760 ನಿಮಿಷ. ಒಬ್ಬ ಆಟಗಾರನ ಪೂರ್ತಿ ಸೀಸನ್ ಅಂದರೆ 2,160. ಮೈದಾನದಲ್ಲಿ ಒಂದು ಸಲಕ್ಕೆ ನಾಲ್ಕೇ ವಿದೇಶಿಯರು ಇರಬಹುದಾದ್ದರಿಂದ ಅವರ ಪಾಲು ಹೆಚ್ಚೆಂದರೆ 8,640, ಅಂದರೆ ಶೇ 36. ಮಿಕ್ಕ 15,120 ನಿಮಿಷ ನಮ್ಮ ಹುಡುಗರೇ ಆಡಬೇಕು. ಹೊಸ ಸ್ಪೇನ್ ಆಟಗಾರ ಬಂದ ಸುದ್ದಿಗೆ ಪಟಾಕಿ ಹಚ್ಚುವ ಮೊದಲು ‘ರೈಟ್ ಬ್ಯಾಕ್‌ಗೆ (ಬಲಬದಿಯ ರಕ್ಷಕನ ಜಾಗಕ್ಕೆ) ಎರಡನೇ ಭಾರತೀಯ ಯಾರು?’ ಅಂತ ಕೇಳಬೇಕಾದ್ದು ಇದಕ್ಕೇ. ಪಂದ್ಯಗಳ ಸಂಖ್ಯೆ ಬದಲಾದ ವರ್ಷ 24ರ ಜಾಗಕ್ಕೆ ಹೊಸ ಅಂಕಿ ಹಾಕಿ, ಶೇಕಡಾವಾರು ಪಾಲು ಅಷ್ಟೇ ಇರುತ್ತದೆ.

ಐದು ಬದಲಿ ಆಟಗಾರರಿಗೆ ಅವಕಾಶವಿದೆ. ಒಬ್ಬೊಬ್ಬರಿಗೆ 25 ನಿಮಿಷ ಅಂತ ಹಿಡಿದರೆ ಪಂದ್ಯಕ್ಕೆ 125, ಸೀಸನ್‌ಗೆ 3,000. ಒಟ್ಟು ಆಟದಲ್ಲಿ ಹೆಚ್ಚುಕಡಿಮೆ ಎಂಟನೇ ಒಂದು ಭಾಗ ಬೆಂಚಿನಿಂದ ಎದ್ದು ಬಂದವರದ್ದು. ಇದನ್ನು ಮೊದಲ ಹನ್ನೊಂದರ ಲೆಕ್ಕದಿಂದ ಕಳೆಯದಿದ್ದರೆ ಕೊನೆಗೆ ಕೂಡಿಸಿದ್ದು ತಾಳೆಯಾಗುವುದಿಲ್ಲ.

ಹಾಳೆಯ ಮೇಲೆ 4-2-3-1 ಆಕಾರದಲ್ಲಿ (ಗೋಲ್‌ಕೀಪರ್ ಮುಂದೆ ನಾಲ್ವರು ರಕ್ಷಕರು, ನಡುವೆ ಇಬ್ಬರು, ಅವರ ಮುಂದೆ ಮೂವರು, ತುದಿಯಲ್ಲಿ ಒಬ್ಬ ಸ್ಟ್ರೈಕರ್) ಹನ್ನೊಂದು ಚೌಕ, ಪ್ರತಿ ಚೌಕದಲ್ಲಿ ಮೂರು ಸಾಲು: ಮೊದಲ, ಎರಡನೇ, ಮೂರನೇ ಆಯ್ಕೆಗೆ. ವಿದೇಶಿಯರ ಹೆಸರು ಕೆಂಪು ಪೆನ್ನಿನಲ್ಲಿ, ಭಾರತೀಯರದ್ದು ನೀಲಿಯಲ್ಲಿ. ಒಬ್ಬನ ಹೆಸರು ಗಟ್ಟಿಯಾಗಿ ಒಂದೇ ಕಡೆ ಬರೆಯಬೇಕು. ಬೇರೆ ಜಾಗದಲ್ಲೂ ಆಡಬಲ್ಲವನಾದರೆ ಅಲ್ಲಿ ಆವರಣದೊಳಗೆ, ಪೆನ್ಸಿಲ್‌ನಲ್ಲಿ. ಅಭಿಮಾನಿಗಳ ಲೆಕ್ಕ ಹೆಚ್ಚಾಗಿ ಕೆಡುವುದು ಇಲ್ಲೇ. ರಾಹುಲ್ ಭೇಕೆ ಸೆಂಟರ್ ಬ್ಯಾಕ್ (ರಕ್ಷಣೆಯ ನಡುವಿನವನು) ಚೌಕದಲ್ಲೂ ಇರುತ್ತಾರೆ, ರೈಟ್ ಬ್ಯಾಕ್ ಚೌಕದಲ್ಲೂ ಇರುತ್ತಾರೆ, ಎರಡು ಕಡೆಯೂ ಆಳ, ಅಂದರೆ ಬದಲಿಗೆ ಜನ, ಇದ್ದಂತೆ ಕಾಣುತ್ತದೆ. ಮನುಷ್ಯ ಮಾತ್ರ ಒಬ್ಬನೇ.

ಚೌಕ ತುಂಬಿದ ಮೇಲೆ ರಬ್ಬರ್ ಕೆಲಸ. ಒಂದು ಹೆಸರು ಅಳಿಸಿ, ಅವನಿಲ್ಲದ ತಂಡ ಕಟ್ಟಲು ಎಷ್ಟು ಜನ ಜಾಗ ಬದಲಿಸಬೇಕು ಅಂತ ನೋಡುತ್ತೇನೆ. ಬೆಂಚಿನಿಂದ ಒಬ್ಬ ನೇರವಾಗಿ ಅದೇ ಜಾಗಕ್ಕೆ ಬಂದರೆ ಒಳ್ಳೆಯದು. ಇಬ್ಬರು ಕದಲಿದರೆ ಸಹಿಸಬಹುದು. ಮೂವರು ಕದಲಿದರೆ ಆ ಚೌಕಕ್ಕೆ ಆಳವೇ ಇಲ್ಲ. ಉದಾಹರಣೆಗೆ 2024–25ರ ಹಾಳೆಯನ್ನೇ ತೆಗೆದುಕೊಳ್ಳೋಣ, ಆ ಸೀಸನ್ನಿನ ಉತ್ತರ ಗೊತ್ತಿದೆಯಲ್ಲ. ರೈಟ್ ಬ್ಯಾಕ್ ನಿಖಿಲ್ ಪೂಜಾರಿಯನ್ನು ಅಳಿಸಿ ಭೇಕೆಯನ್ನು ಬಲಕ್ಕೆ ತಳ್ಳಿದರೆ ಚಿಂಗ್ಲೆನ್ಸಾನಾ ಪಕ್ಕಕ್ಕೆ ಹೊಸ ಸೆಂಟರ್ ಬ್ಯಾಕ್ ಬೇಕು. ಆ ಜಾಗಕ್ಕೆ ವಿದೇಶಿ ಆಟಗಾರ ಯೊವನೊವಿಚ್ ಬಂದರೆ, ನಾಲ್ಕರ ಮಿತಿಯಿಂದಾಗಿ ಇನ್ನೊಬ್ಬ ವಿದೇಶಿ ಮುಂದಿನ ಸಾಲಿನಿಂದ ಹೊರಬರಬೇಕು. ರೈಟ್ ಬ್ಯಾಕ್‌ಗೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹಿಡಿದರೆ ಗೋಲ್ ಹೊಡೆಯುವವನೊಬ್ಬ ಬೆಂಚಿಗೆ! ನಾಲ್ಕನೇ ಹಳದಿ ಕಾರ್ಡಿಗೆ ಒಂದು ಪಂದ್ಯ ಹೊರಗುಳಿಯಬೇಕಾಗುವುದರಿಂದ ಈ ಪರಿಸ್ಥಿತಿ ಗಾಯವಿಲ್ಲದೆಯೂ ಬರುತ್ತದೆ.

ವಿದೇಶಿಯರ ಗಣಿತವನ್ನು ಬೇರೆ ಹಾಳೆಯಲ್ಲಿ ಮಾಡುವುದು ವಾಸಿ. ಆ ವರ್ಷ ಆರು ಜನ: ಹಿಂದೆ ಯೊವನೊವಿಚ್, ನಡುವೆ ಕಾಪೊ ಮತ್ತು ನೊಗೇರಾ, ಮುಂದೆ ಮೆಂಡೆಸ್, ವಿಲಿಯಮ್ಸ್, ಪೆರೆಯ್ರಾ ಡಿಯಾಸ್. ಆರರಲ್ಲಿ ಇಬ್ಬರು ಯಾವಾಗಲೂ ಹೊರಗೆ. ಯೊವನೊವಿಚ್ ಮತ್ತು ಕಾಪೊ ಇಬ್ಬರೂ ಆಡಿದರೆ ಉಳಿದ ನಾಲ್ವರಿಗೆ ಎರಡೇ ಜಾಗ, ಮುಂದಿನ ಸಾಲಿನ ಮಿಕ್ಕ ಜಾಗಗಳನ್ನು ಭಾರತೀಯರೇ ತುಂಬಬೇಕು. ಯೊವನೊವಿಚ್ ಇಲ್ಲದ ದಿನ ಲೆಕ್ಕ ತಿರುಗುತ್ತದೆ: ಹಿಂದೆ ಒಬ್ಬ ಭಾರತೀಯ ಇಳಿದರೆ ಮುಂದೆ ಇನ್ನೊಬ್ಬ ವಿದೇಶಿಗೆ ಬಾಗಿಲು ತೆರೆಯುತ್ತದೆ. ಹಾಗಾಗಿ ಮೂರನೇ ಭಾರತೀಯ ಸೆಂಟರ್ ಬ್ಯಾಕ್ ಚೆನ್ನಾಗಿದ್ದರೆ ಆಕ್ರಮಣವೂ ಬಲಗೊಳ್ಳುತ್ತದೆ. ಖರೀದಿಯ ಸಮಯದಲ್ಲಿ ಯಾರ ಬಾಯಲ್ಲೂ ಬರದ ಜಾಗ ಇದು.

ಇನ್ನು ಯಾರಿಗೆ ಎಷ್ಟು ನಿಮಿಷ. ಖಾಯಂ ಆಟಗಾರನಿಗೆ ನಾನು 2,160ರ ಶೇ 80 ಹಾಕುತ್ತೇನೆ, ಅಂದರೆ 1,728. 33 ದಾಟಿದವರಿಗೆ ಶೇ 60, ಸುಮಾರು 1,300. ಮೊದಲ ಸೀಸನ್ ಆಡುವ ಹುಡುಗರಿಗೆ 400ಕ್ಕಿಂತ ಹೆಚ್ಚು ಹಾಕುವುದಿಲ್ಲ, ಎಷ್ಟೇ ಮೆಚ್ಚುಗೆಯಾಗಿದ್ದರೂ. ಗೋಲ್‌ಕೀಪರ್ ಮಾತ್ರ ಬೇರೆ. ಗುರ್‌ಪ್ರೀತ್ ಇರುವಾಗ ಪೂರ್ತಿ 2,160 ಬರೆದು ಮುಂದೆ ಹೋಗಬಹುದು. ಈ ಅಂಕಿಗಳು ನಾನೇ ಹಿಡಿದುಕೊಂಡವು, ತಪ್ಪುತ್ತವೆ ಕೂಡ. ಚೆಟ್ರಿ ವಿಷಯದಲ್ಲಿ ಎಂಥಾ ತಪ್ಪು! ನಲವತ್ತು ತುಂಬಿದವರಿಗೆ ಕೊನೆಯ ಅರ್ಧ ಗಂಟೆ ಸಾಕು ಅಂತ ಹಾಳೆ ಹೇಳಿತ್ತು. ಹೈದರಾಬಾದ್ ಎದುರು ಬೆಂಚಿನಿಂದ ಬಂದು ಎರಡು ಗೋಲ್, ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್, ಸೀಸನ್ ಮುಗಿಯುವಾಗ ಒಟ್ಟು 14. ನಿಯಮ ಬದಲಿಸಿಲ್ಲ. ಅವರೊಬ್ಬರನ್ನು ನೋಡಿ ಎಲ್ಲ ಹಿರಿಯರಿಗೂ 1,728 ಬರೆದರೆ ಹಾಳೆ ಹಾಳಾಗುತ್ತದೆ.

ಮೂರನೇ ಸಾಲು ತುಂಬುವುದು ಎಲ್ಲಕ್ಕಿಂತ ಕಷ್ಟ, ನನಗೆ ಖುಷಿ ಕೊಡುವುದೂ ಅದೇ. ಅದಕ್ಕೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋಗಿ ಎಳೆಯರ ತಂಡದ ಪಂದ್ಯ ನೋಡಬೇಕು. ಅಲ್ಲಿರುವುದು ಕೃತಕ ಹುಲ್ಲು, ಕಂಠೀರವದಲ್ಲಿ ನಿಜವಾದ ಹುಲ್ಲು. ಕೃತಕ ಹುಲ್ಲಿನ ಮೇಲೆ ಚೆಂಡು ಜಾರಿ ಓಡುವುದರಿಂದ ವೇಗದ ವಿಂಗರ್‌ಗಳು (ಬದಿಯಲ್ಲಿ ಓಡಿ ದಾಳಿ ಮಾಡುವವರು) ಇರುವುದಕ್ಕಿಂತ ಚೆನ್ನಾಗಿ ಕಾಣುತ್ತಾರೆ. ಹಾಗಾಗಿ ಅಲ್ಲಿ ನಾನು ವೇಗಕ್ಕೆ ಅಂಕ ಕೊಡುವುದಿಲ್ಲ. ಚೆಂಡು ಬರುವ ಮೊದಲು ಹುಡುಗ ತಲೆಯೆತ್ತಿ ಹಿಂದೆ ನೋಡಿದನೇ, ಚೆಂಡು ಕಳೆದುಕೊಂಡ ಮೇಲೆ ಎಷ್ಟು ಹೆಜ್ಜೆ ವಾಪಸ್ ಓಡಿದ ಎಂಬೆರಡನ್ನೇ ಹತ್ತು ನಿಮಿಷಕ್ಕೊಮ್ಮೆ ಗೀಟು ಹಾಕಿ ಗುರುತಿಸುತ್ತೇನೆ. ಮೂರು ಪಂದ್ಯವಾದರೂ ನೋಡದೆ ಹೆಸರು ಬರೆಯುವುದಿಲ್ಲ. ಈ ಸಾಲನ್ನು ಹಗುರವಾಗಿ ಕಾಣುವವರಿಗೆ 2024ರ ಸೆಪ್ಟೆಂಬರ್ ನೆನಪಿಸಬೇಕು: ಈಸ್ಟ್ ಬೆಂಗಾಲ್ ಎದುರಿನ ಮೊದಲ ಪಂದ್ಯವನ್ನು 1–0ಯಿಂದ ಗೆಲ್ಲಿಸಿದ್ದು ಹತ್ತೊಂಬತ್ತರ ವಿನಿತ್ ವೆಂಕಟೇಶ್. ಎಳೆಯರ ಡೆವಲಪ್‌ಮೆಂಟ್ ಲೀಗ್‌ನ 2022ರ ಮೊದಲ ಆವೃತ್ತಿಯನ್ನು ಗೆದ್ದದ್ದೂ ನಮ್ಮ ಕ್ಲಬ್ಬೇ.

ಡ್ಯುರಾಂಡ್ ಕಪ್ ಎಂಬ ನಾಕ್‌ಔಟ್ ಟೂರ್ನಿಯ ಬಗ್ಗೆ ಒಂದು ಮಾತು. ಅಲ್ಲಿ ಕೆಲವು ತಂಡಗಳು ಪೂರ್ತಿ ಬಲದಲ್ಲಿ ಇಳಿಯುತ್ತವೆ, ಕೆಲವು ಎಳೆಯರನ್ನೇ ಕಳಿಸುತ್ತವೆ. ಹಾಗಾಗಿ ಗುಂಪಿನ ಹಂತದ ಗೋಲುಗಳನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕ್ವಾರ್ಟರ್‌ಫೈನಲ್‌ನಿಂದ ಆಚೆಗೆ ಆಡಿದ ನಿಮಿಷಗಳಿಗೆ ಮಾತ್ರ ಬೆಲೆ. 2022ರ ಫೈನಲ್‌ನಲ್ಲಿ ಮುಂಬೈ ಸಿಟಿ ಎದುರು ಗೋಲ್ ಹೊಡೆದ ನಮ್ಮ ಶಿವಶಕ್ತಿ ಆಮೇಲೆ ಲೀಗ್‌ನಲ್ಲೂ ನಿಂತರು.

ಈಗ ಈ ಸಲದ ಖುಷಿಗೆ ಕಾರಣ. ಅಮ್ಮನ ಕಡೆಯಿಂದ ಮುಂಬೈ ನಂಟಿರುವ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. ಹಾಳೆಯಲ್ಲಿ ಒಂದು ಕೆಂಪು ಹೆಸರು ನೀಲಿಯಾಯಿತು, ಅಷ್ಟೇ. ಲೆಕ್ಕ ಮಾಡಿ ನೋಡಿ: ವಿದೇಶಿಯರ 8,640ಕ್ಕೆ ಅವರ 1,728 ಕೂಡಿಸಿದರೆ 10,368. ಹೊರಗೆ ಬೆಳೆದು ಬಂದವರ ಪಾಲು ಶೇ 36ರಿಂದ 43 ದಾಟುತ್ತದೆ, ನಿಯಮ ಮುರಿಯದೆ. ವಿಂಗ್‌ನಲ್ಲಿ ಅವರಿರುವಾಗ ನಾಲ್ಕು ವಿದೇಶಿ ಜಾಗಗಳನ್ನು ಬೆನ್ನೆಲುಬಿನ ಉದ್ದಕ್ಕೂ, ಅಂದರೆ ಹಿಂದಿನಿಂದ ಮುಂದಿನವರೆಗೆ ನಡುಸಾಲಿನಲ್ಲಿ, ಹಂಚಬಹುದು; ರೈಟ್ ಬ್ಯಾಕ್ ಗಾಯಕ್ಕೆ ಸ್ಟ್ರೈಕರ್ ಬಲಿಯಾಗಬೇಕಿಲ್ಲ. ರಬ್ಬರ್ ಪರೀಕ್ಷೆಯಲ್ಲಿ ಮೂವರು ಕದಲುತ್ತಿದ್ದ ಚೌಕದಲ್ಲಿ ಈಗ ಇಬ್ಬರೇ ಕದಲುತ್ತಾರೆ.

ನನಗೆ ಸಮಾಧಾನವಿಲ್ಲದ ಚೌಕ ಒಂದೇ: ಚೆಟ್ರಿಯ ಕೆಳಗಿನ ಭಾರತೀಯ ಸ್ಟ್ರೈಕರ್. ಅಲ್ಲಿ ಪೆನ್ಸಿಲ್‌ನಲ್ಲೇ ಬರೆದಿದ್ದೇನೆ. ಮೊದಲ ಅಭ್ಯಾಸ ಪಂದ್ಯ ನೋಡಲು ಸಿಕ್ಕರೆ ಗೋಲ್ ಎಣಿಸುತ್ತಾ ಕೂರಬೇಡಿ. ಅರವತ್ತನೇ ನಿಮಿಷದಲ್ಲಿ ಐವರು ಬದಲಾದಾಗ ನಂಬರ್ ಒಂಬತ್ತರ (ಸ್ಟ್ರೈಕರ್) ಜಾಗಕ್ಕೆ ಯಾರು ಬಂದರು, ಅವರಿಗಾಗಿ ಇನ್ನೆಷ್ಟು ಜನ ಜಾಗ ಬದಲಿಸಿದರು ಅಂತ ಬರೆದಿಟ್ಟುಕೊಳ್ಳಿ.