ಮಿತಿ ಕೊಟ್ಟರೂ ಪಾಲಿಸದ ಮಾದರಿ: ನನ್ನ ಅನುಭವ

ಮಂಡ್ಯದ ನಮ್ಮ ಗದ್ದೆಯಲ್ಲಿ ವಾರವಾರವೂ ಅಳೆದ ಕಬ್ಬಿನ ಎತ್ತರಕ್ಕೆ ಸಂಖ್ಯಾಶಾಸ್ತ್ರದ ಆರ್ ತಂತ್ರಾಂಶದಲ್ಲಿ ಅಳತೆಗಳಿಗೆ ವಕ್ರರೇಖೆ ಹೊಂದಿಸುವ ‘ಎನ್‌ಎಲ್‌ಎಸ್’ (nls) ಮೂಲಕ ಲಾಜಿಸ್ಟಿಕ್ ವಕ್ರರೇಖೆಯನ್ನು (ನಿಧಾನವಾಗಿ ಶುರುವಾಗಿ, ವೇಗವಾಗಿ ಏರಿ, ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುವ ಗೆರೆ) ಹೊಂದಿಸಿದಾಗ, ಬೆಳವಣಿಗೆಯ ದರ ಋಣಾತ್ಮಕವಾಗಿ ಬಂದಿತು. ದರಕ್ಕೆ ಕೆಳಮಿತಿ 0 ಎಂದು ಕೊಟ್ಟರೂ ಉತ್ತರ ಬದಲಾಗಲಿಲ್ಲ. ತಂತ್ರಾಂಶ ತೋರಿಸಿದ ಎಚ್ಚರಿಕೆಯ ಸಾಲನ್ನು ನಿಧಾನವಾಗಿ ಓದಿದಾಗಲೇ ಕಾರಣ ತಿಳಿಯಿತು: ನಾವು ಬೇರೆ ಹೇಳದಿದ್ದರೆ ಎನ್‌ಎಲ್‌ಎಸ್ ಬಳಸುವ ಗಾಸ್-ನ್ಯೂಟನ್ ಎಂಬ ಲೆಕ್ಕದ ವಿಧಾನ ಮಿತಿಗಳನ್ನು ಕಡೆಗಣಿಸುತ್ತದೆ, ‘ಪೋರ್ಟ್’ ವಿಧಾನ ಮಾತ್ರ ಅವನ್ನು ಪಾಲಿಸುತ್ತದೆ. ಅದನ್ನು ಆಯ್ದ ಮೇಲೆ ದರ ಸರಿಹೋಯಿತಾದರೂ, ಅಂತಿಮ ಎತ್ತರವು ನಾನು ಕೊಟ್ಟಿದ್ದ 4 ಮೀಟರ್ ಮೇಲ್ಮಿತಿಗೇ ಅಂಟಿ ನಿಂತಿತು. ನನ್ನನ್ನು ಹೆಚ್ಚು ಕಾಡಿದ್ದು ಇದೇ, ಏಕೆಂದರೆ ಗಡಿಗೆ ಅಂಟಿದ ಅಂದಾಜು ನಾವೇ ಹಾಕಿದ ಬೇಲಿಯನ್ನಷ್ಟೇ ತೋರಿಸುತ್ತದೆ. ಅದರ ಪ್ರಮಾಣಿತ ದೋಷವನ್ನೂ (ಅಂದಾಜು ಎಷ್ಟು ಏರುಪೇರಾಗಬಹುದು ಎಂಬುದರ ಅಳತೆ) ನಂಬುವಂತಿಲ್ಲ. ಕೊನೆಗೆ ಕಟಾವಿನ ಹೊತ್ತಿನ ಅಳತೆಗಳನ್ನು ಸೇರಿಸಿ, ಮೇಲ್ಮಿತಿಯನ್ನು ತೆಗೆದು, ದರದ ಬದಲು ಅದರ ಲಾಗರಿತಮ್ ಅನ್ನೇ ಅಂದಾಜಿಸಿದೆ. ಲಾಗರಿತಮ್‌ನಿಂದ ಮರಳಿ ಪಡೆದ ದರ ಎಂದಿಗೂ ಧನಾತ್ಮಕವೇ ಆದ್ದರಿಂದ ಕೆಳಮಿತಿಯೂ ಬೇಕಾಗಲಿಲ್ಲ.