ಮನೆ ಇನ್ನೆಷ್ಟು ಚಿತ್ರ ದೂರ? ಎಲ್‌ಕೆಜಿಯ ಮೊದಲ ಮೂರು ವಾರಗಳ ಚಟುವಟಿಕೆಗಳು

ಜೂನ್ ತಿಂಗಳಲ್ಲಿ ಎಲ್‌ಕೆಜಿ ಕೋಣೆಗೆ ಬಂದ ಮಗುವಿನ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ: ಅವ್ವ ಯಾವಾಗ ಬರುತ್ತಾಳೆ? ಅದಕ್ಕೆ ಮಗುವಿಗೆ ತಿಳಿಯುವಂಥ ಉತ್ತರ ಸಿಗುವವರೆಗೆ ಅ, ಆ, ಇ, ಈ ಯಾವುದೂ ತಲೆಗೆ ಇಳಿಯುವುದಿಲ್ಲ. ನಾನು ಹಿರೇಕೆರೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಕಲಿಸುತ್ತೇನೆ. ಕೆಲಸಕ್ಕೆ ಸೇರಿದ ವರ್ಷ ಮೊದಲ ದಿನವೇ ಪಾಟಿ ಕೊಟ್ಟು ಅಕ್ಷರ ತಿದ್ದಿಸಿದ್ದೆ. ಮೂಲೆಯಲ್ಲಿ ಕುಳಿತ ಹುಡುಗಿಯೊಬ್ಬಳು ಮೂರು ದಿನ ತುಟಿ ಬಿಚ್ಚಲಿಲ್ಲ, ಕುಳಿತಲ್ಲೇ ಒದ್ದೆ ಮಾಡಿಕೊಂಡಳು. ಶೌಚಾಲಯ ಎಲ್ಲಿದೆಯೆಂದು ನಾನು ಅವಳಿಗೆ ತೋರಿಸಿಯೇ ಇರಲಿಲ್ಲ. ಅಂದಿನಿಂದ ಮೊದಲ ಮೂರು ವಾರ ನಮ್ಮ ಪಾಟಿಗಳು ಕಪಾಟಿನಿಂದ ಹೊರಬರುವುದಿಲ್ಲ.

ಶಾಲೆ ತೆರೆಯುವ ಮುನ್ನಾದಿನ ಒಂದು ಹಗ್ಗ, ಏಳು ರಟ್ಟಿನ ತುಂಡು, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ತೆಗೆದಿಟ್ಟುಕೊಳ್ಳಿ. ರಟ್ಟಿನ ಮೇಲೆ ದಿನದ ಕೆಲಸಗಳ ಚಿತ್ರ ಬರೆಯಿರಿ: ಚಪ್ಪಲಿ, ಚಾಪೆ, ಚೆಂಡು, ಕೈ ತೊಳೆಯುವ ನಲ್ಲಿ, ಊಟದ ತಟ್ಟೆ, ಕತೆ ಕೇಳುವ ಮಕ್ಕಳು, ಕೊನೆಗೆ ಮನೆ. ಚಿತ್ರ ಚೆಂದವಾಗಿರಬೇಕೆಂದೇನಿಲ್ಲ, ಗುರುತು ಹತ್ತಿದರೆ ಸಾಕು. ಹಗ್ಗವನ್ನು ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಕಟ್ಟಿ, ಚಿತ್ರಗಳನ್ನು ಇದೇ ಸರದಿಯಲ್ಲಿ ಕ್ಲಿಪ್ಪಿನಿಂದ ಸಿಕ್ಕಿಸಿ. ಒಂದು ಕೆಲಸ ಮುಗಿದಾಗಲೆಲ್ಲ ಒಂದು ಮಗು ಹೋಗಿ ಆ ಚಿತ್ರವನ್ನು ಮಗುಚಿ ಹಾಕಲಿ. ಹೆಚ್ಚು ಅಳುವ ಮಗುವಿಗೇ ಈ ಕೆಲಸವನ್ನು ಮೊದಲು ಕೊಡಿ. ಹೋದ ವರ್ಷ ತಾಂಡಾದಿಂದ ಬರುತ್ತಿದ್ದ ಹುಡುಗನೊಬ್ಬ ಎರಡು ದಿನ ಕಿಟಕಿಯ ಸರಳು ಹಿಡಿದು ನಿಂತೇ ಇದ್ದ. ಮೂರನೆಯ ದಿನ ತಟ್ಟೆಯ ಚಿತ್ರವನ್ನು ಅವನ ಕೈಯಿಂದ ಮಗುಚಿಸಿದೆ. ಹಗ್ಗದ ತುದಿಯವರೆಗೆ ಬೆರಳು ಓಡಿಸಿ, "ಅಕ್ಕೋರೇ, ಮನೆ ಇನ್ನು ಎಷ್ಟು ಚಿತ್ರ ದೂರ?" ಎಂದು ಕೇಳಿದ. ಒಂದೇ ಚಿತ್ರ, ಕತೆ ಮುಗಿದರೆ ಮನೆ ಎಂದೆ. ಮೂಗು ಒರೆಸಿಕೊಂಡು ಬಂದು ಚಾಪೆಯ ಅಂಚಿನಲ್ಲಿ ಕುಳಿತ. ಗಡಿಯಾರದಿಂದ ಆಗದ ಕೆಲಸ ಇದು. ಆದರೆ ಒಂದು ಎಚ್ಚರ: ಊಟ ತಡವಾಗುವ ದಿನ ಕತೆಯ ಚಿತ್ರವನ್ನು ಮಕ್ಕಳ ಕಣ್ಣೆದುರೇ ಊಟದ ಚಿತ್ರಕ್ಕಿಂತ ಮೊದಲು ಬರುವಂತೆ ಸಿಕ್ಕಿಸಿ. ಹಗ್ಗ ಒಮ್ಮೆ ಸುಳ್ಳಾದರೆ ಮಕ್ಕಳು ಮತ್ತೆ ಅದನ್ನು ನಂಬುವುದಿಲ್ಲ.

ತಾಯಂದಿರಿಗೂ ಇದೇ ಮಾತು ಹೇಳುತ್ತೇನೆ. ಮಗು ಆಟದಲ್ಲಿ ಮೈಮರೆತಾಗ ಹೇಳದೆ ಕೇಳದೆ ಜಾರಿಕೊಳ್ಳಬೇಡಿ. ಬಾಗಿಲಲ್ಲಿ ನಿಂತು, ಊಟ, ಕತೆ ಆದ ಮೇಲೆ ಬರುತ್ತೇನೆ ಎಂದು ಹೇಳಿಯೇ ಹೋಗಿ. ಮಗು ಅತ್ತರೂ ಚಿಂತೆಯಿಲ್ಲ. ಅವ್ವನ ಕರವಸ್ತ್ರವೊಂದು ಅಂಗಿಯ ಜೇಬಿನಲ್ಲಿದ್ದರೆ ಎಷ್ಟೋ ಮಕ್ಕಳಿಗೆ ಧೈರ್ಯ.

ಮೊದಲ ದಿನದ ದೊಡ್ಡ ಚಟುವಟಿಕೆ ಶಾಲೆಯ ಸುತ್ತಾಟ. ಒಬ್ಬರ ಹಿಂದೆ ಒಬ್ಬರು ಅಂಗಿಯ ತುದಿ ಹಿಡಿದು ರೈಲಿನಂತೆ ಹೊರಡಬೇಕು. ನಿಲ್ದಾಣಗಳು ಮೂರೇ: ಕುಡಿಯುವ ನೀರು, ಅಡುಗೆ ಕೋಣೆ, ಶೌಚಾಲಯ. ಶೌಚಾಲಯದಲ್ಲಿ ಪ್ರತಿ ಮಗುವೂ ತಾನೇ ಚೊಂಬಿನಲ್ಲಿ ನೀರು ತುಂಬಿ ಸುರಿದು ನೋಡಲಿ. ಒಳಗಿನ ಚಿಲಕವನ್ನು ಮೊದಲೇ ತೆಗೆಸಿಬಿಡಿ, ಇಲ್ಲವೇ ಹಾಕಲು ಬಾರದಂತೆ ದಾರ ಸುತ್ತಿ ಕಟ್ಟಿ. ಒಮ್ಮೆ ಒಳಗೆ ಸಿಕ್ಕಿಕೊಂಡ ಮಗು ವರ್ಷವಿಡೀ ಅತ್ತ ಸುಳಿಯುವುದಿಲ್ಲ.

ಹೆಸರು ಓದಲು ಬಾರದ ಮಕ್ಕಳಿಗೆ ತಮ್ಮದೆಂಬ ಒಂದು ಗುರುತು ಬೇಕು. ಕೊಡೆ, ಗುಬ್ಬಿ, ಮೆಣಸಿನಕಾಯಿ, ಬಂಡಿ, ಚಂದ್ರ ಹೀಗೆ ಚಿತ್ರಗಳನ್ನು ನೆಲದ ಮೇಲೆ ಹರಡಿ, ಮಗುವೇ ಆರಿಸಿಕೊಳ್ಳಲಿ. ಚೀಲ ನೇತುಹಾಕುವ ಮೊಳೆಯ ಮೇಲೂ ನೀರಿನ ಲೋಟದ ಮೇಲೂ ಅದೇ ಚಿತ್ರ ಇರಲಿ. ಚಿತ್ರದ ಕೆಳಗೆ ಹೆಸರನ್ನೂ ಬರೆದಿಡಿ, ಆದರೆ ಓದಿಸಲು ಹೋಗಬೇಡಿ. ದೀಪಾವಳಿಯ ಹೊತ್ತಿಗೆ ಎಷ್ಟೋ ಮಕ್ಕಳು ಚಿತ್ರವಿಲ್ಲದೆಯೂ ತಮ್ಮ ಹೆಸರನ್ನು ಗುರುತಿಸುತ್ತಾರೆ.

ನಮ್ಮ ಕೋಣೆಗೆ ಕನ್ನಡದ ಜೊತೆಗೆ ಲಂಬಾಣಿ, ಉರ್ದು ಮಾತಾಡುವ ಮನೆಗಳ ಮಕ್ಕಳೂ ಬರುತ್ತಾರೆ. ನೀರು, ಹಸಿವು, ನೋವು, ಅವ್ವ, ಶೌಚ ಈ ಐದು ಮಾತುಗಳನ್ನು ಅವರವರ ಮನೆಮಾತಿನಲ್ಲಿ ನೀವೇ ಮೊದಲು ಕಲಿಯಿರಿ. "ಯಾಡಿ" ಎಂದು ಅಳುತ್ತಿರುವ ಮಗು ತಾಯಿಯನ್ನು ಕರೆಯುತ್ತಿದೆ ಎಂಬುದೂ ಗೊತ್ತಿಲ್ಲದೆ ಅದನ್ನು ಸಂತೈಸುವುದು ಹೇಗೆ?

ಆಟಕ್ಕೆ ಕೆರೆ-ದಡ ಸಾಕು. ಸುಣ್ಣದ ಗೆರೆ ಎಳೆದು, "ಕೆರೆ" ಎಂದಾಗ ಒಳಗೆ, "ದಡ" ಎಂದಾಗ ಹೊರಗೆ ಜಿಗಿಯುವುದು. ತಪ್ಪಿದವರನ್ನು ಆಟದಿಂದ ಹೊರಗೆ ಹಾಕಬೇಡಿ. ಕಣ್ಣಾಮುಚ್ಚಾಲೆ ಈಗಲೇ ಬೇಡ, ಹೊಸ ಜಾಗದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದರೆ ಹೆದರುತ್ತಾರೆ. ಎಣಿಸಿ ಜೋಡಿಸಲು ಹುಣಸೆ ಬೀಜವೂ ಬೇಡ. ಅದು ಮೂಗಿಗೂ ಬಾಯಿಗೂ ಹೋಗುತ್ತದೆ. ಕಾಳು ಬಿಡಿಸಿದ ಗೋವಿನಜೋಳದ ಬೆಂಡು, ತೆಂಗಿನ ಚಿಪ್ಪು ನಮ್ಮಲ್ಲಿ ಬೇಕಾದಷ್ಟು ಸಿಗುತ್ತವೆ. ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ ಎಂದು ರಾಶಿ ಹಾಕಿಸಿ.

ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ ಮಣ್ಣಿನದು. ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅದಕ್ಕೆ ಎರಡನೆಯ ವಾರದಿಂದಲೇ ತಯಾರಿ. ಎರೆಮಣ್ಣಿನ ಕಲ್ಲು, ಗಾಜು ಆರಿಸಿ, ಹಿಂದಿನ ರಾತ್ರಿ ನೆನೆಹಾಕಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿಟ್ಟುಕೊಳ್ಳಿ. ಮೊದಲು ಬರೀ ಹಿಸುಕಲಿ. ಮರುದಿನ ಉಂಡೆ, ಆಮೇಲೆ ಹಾವು. ಎತ್ತು ಬರುವುದು ಕೊನೆಗೆ: ಒಂದು ದಪ್ಪ ಉಂಡೆ ಮೈ, ನಾಲ್ಕು ಗಿಡ್ಡ ಕಾಲು, ಎರಡು ಬೆರಳಿನಿಂದ ಚಿವುಟಿ ಎಳೆದ ಕೊಂಬು. ಆ ಚಿವುಟುವ ಬೆರಳುಗಳೇ ಮುಂದೆ ಬಳಪ ಹಿಡಿಯುವ ಬೆರಳುಗಳು. ಹೋದ ವರ್ಷ ಒಂದು ಎತ್ತಿಗೆ ಮೂರು ಕೊಂಬಿದ್ದವು. ಕೇಳಿದರೆ, "ಒಂದು ಮುರಿದರೆ ಇರಲಿ ಎಂದು" ಎಂದಳು ಅದನ್ನು ಮಾಡಿದವಳು. ತಿದ್ದಲು ಹೋಗಲಿಲ್ಲ, ಹಾಗೆಯೇ ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟೆ.

ಮಕ್ಕಳು ಯಾರಿಂದಲೂ ಹೇಳಿಸಿಕೊಳ್ಳದೆ ತಮ್ಮ ಚೀಲವನ್ನು ತಮ್ಮ ಮೊಳೆಗೆ ಹಾಕಿ, ಶೌಚಕ್ಕೆ ಹೋಗಬೇಕೆಂದು ಬಾಯಿಬಿಟ್ಟು ಹೇಳತೊಡಗಿದಾಗ ಪಾಟಿ ಹೊರಗೆ ತೆಗೆಯಿರಿ. ಹಗ್ಗವನ್ನು ಮಾತ್ರ ಬಿಚ್ಚಬೇಡಿ. ರಜೆ ಕಳೆದ ಸೋಮವಾರ ಒಬ್ಬರಾದರೂ ಅಳುತ್ತಾ ಬಂದು, ಮನೆಯ ಚಿತ್ರ ಅಲ್ಲೇ ಇದೆಯೇ ಎಂದು ನೋಡುತ್ತಾರೆ.